‘ಅಪಾರ್ಥೈಡ್’: ಪದದ ಅರ್ಥ ಮತ್ತು ಬಳಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

‘ಅಪಾರ್ಥೈಡ್’ ಎಂದರೆ ಏನು?

ದಕ್ಷಿಣ ಆಫ್ರಿಕಾದಲ್ಲಿ 1948ರಿಂದ 1990ರ ದಶಕದ ಆರಂಭದವರೆಗೆ ಜಾರಿಯಲ್ಲಿದ್ದ ಆಡಳಿತ ವ್ಯವಸ್ಥೆಯ ಹೆಸರು ಅಪಾರ್ಥೈಡ್. ಈ ವ್ಯವಸ್ಥೆಯಲ್ಲಿ ಸರ್ಕಾರವೇ ದೇಶದ ಪ್ರತಿಯೊಬ್ಬ ನಿವಾಸಿಯನ್ನೂ ಒಂದು ಜನಾಂಗದ ಪಟ್ಟಿಗೆ ಸೇರಿಸುತ್ತಿತ್ತು. ಆ ವ್ಯಕ್ತಿ ಯಾವ ಬಡಾವಣೆಯಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಕಲಿಯಬೇಕು, ಯಾವ ಉದ್ಯೋಗ ಹಿಡಿಯಬಹುದು, ಯಾರನ್ನು ಮದುವೆಯಾಗಬಹುದು, ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದೇ ಇಲ್ಲವೇ ಎಂಬುದೆಲ್ಲ ಆ ಪಟ್ಟಿಯ ಮೇಲೆ ನಿಂತಿತ್ತು. ಕನ್ನಡ ಪತ್ರಿಕೆಗಳು ಮತ್ತು ಪುಸ್ತಕಗಳು ಇದನ್ನು ಸಾಮಾನ್ಯವಾಗಿ ‘ವರ್ಣಭೇದ ನೀತಿ’ ಎಂದು ಕರೆಯುತ್ತವೆ.

ಇಲ್ಲಿ ‘ನೀತಿ’ ಎಂಬ ಮಾತಿಗೇ ಹೆಚ್ಚು ತೂಕವಿದೆ. ಒಬ್ಬನು ಇನ್ನೊಬ್ಬನ ಮೈಬಣ್ಣ ನೋಡಿ ಹೀಯಾಳಿಸಿದರೆ ಅದು ವರ್ಣದ್ವೇಷ. ಬಣ್ಣದ ಕಾರಣಕ್ಕೆ ಮನೆ ಬಾಡಿಗೆಗೆ ಕೊಡದಿದ್ದರೆ ಅದು ತಾರತಮ್ಯ. ಮನೆ ಕೊಡಲೇಬಾರದೆಂದು ಸಂಸತ್ತು ಶಾಸನ ಮಾಡಿ, ಕೊಟ್ಟವನಿಗೂ ಪಡೆದವನಿಗೂ ನ್ಯಾಯಾಲಯ ಶಿಕ್ಷೆ ವಿಧಿಸುವಂತಾದರೆ ಆಗ ಮಾತ್ರ ನಾವು ಅಪಾರ್ಥೈಡ್ ಎಂಬ ಪದದ ಹತ್ತಿರಕ್ಕೆ ಬರುತ್ತೇವೆ.

ಪದ ಯಾವ ಭಾಷೆಯದು? ಯಾವಾಗ ಬಳಕೆಗೆ ಬಂತು?

ಇದು ಆಫ್ರಿಕಾನ್ಸ್ ಭಾಷೆಯ ಪದ. ಹದಿನೇಳನೆಯ ಶತಮಾನದಿಂದ ಕೇಪ್ ಪ್ರಾಂತ್ಯದಲ್ಲಿ ನೆಲೆಸಿದ ಡಚ್ಚರ ಆಡುನುಡಿ ಅಲ್ಲಿಯೇ ಬೆಳೆದು ಬೇರೆ ಭಾಷೆಯಾದಾಗ ಅದಕ್ಕೆ ಆಫ್ರಿಕಾನ್ಸ್ ಎಂಬ ಹೆಸರಾಯಿತು. ‘ಅಪಾರ್ಟ್’ ಎಂದರೆ ಬೇರೆಯಾಗಿ. ‘ಹೆಯ್ಟ್’ ಎಂಬುದು ಭಾವನಾಮವನ್ನು ಮಾಡುವ ಪ್ರತ್ಯಯ, ನಮ್ಮ ‘-ತೆ’ ಅಥವಾ ‘-ತನ’ ಇದ್ದಂತೆ. ಎರಡೂ ಕೂಡಿ ‘ಪ್ರತ್ಯೇಕತೆ’ ಅಥವಾ ‘ಬೇರೆತನ’ ಎಂಬ ಅರ್ಥ ಬರುತ್ತದೆ.

1920ರ ದಶಕದ ಕೊನೆಯ ಹೊತ್ತಿಗೆ ಡಚ್ ರಿಫಾರ್ಮ್ಡ್ ಚರ್ಚಿನ ವಲಯದಲ್ಲಿ, ಧರ್ಮಪ್ರಚಾರದ ಕಾರ್ಯವನ್ನು ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆಯಾಗಿ ನಡೆಸಬೇಕೆಂಬ ಚರ್ಚೆಯಲ್ಲಿ ಈ ಪದ ಕಾಣಿಸಿಕೊಂಡಿತು. 1940ರ ದಶಕದಲ್ಲಿ ನ್ಯಾಷನಲ್ ಪಾರ್ಟಿಯ ನಾಯಕ ಡಿ.ಎಫ್. ಮಲಾನ್ ಅದನ್ನು ರಾಜಕೀಯ ಘೋಷಣೆಯನ್ನಾಗಿ ಮಾಡಿಕೊಂಡರು. 1948ರ ಮೇ 26ರಂದು ನಡೆದ ಚುನಾವಣೆಯಲ್ಲಿ ಈ ಘೋಷಣೆಯನ್ನು ಮುಂದಿಟ್ಟೇ ಅವರ ಪಕ್ಷ ಅಧಿಕಾರ ಹಿಡಿಯಿತು. ಆ ಚುನಾವಣೆಯಲ್ಲಿ ಮತದಾನದ ಹಕ್ಕು ಬಹುಪಾಲು ಬಿಳಿಯರಿಗೆ ಮಾತ್ರ ಇತ್ತೆಂಬುದನ್ನು ನೆನಪಿಡಬೇಕು. ದೇಶದ ಜನಸಂಖ್ಯೆಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿದ್ದ ಆಫ್ರಿಕನ್ನರನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ 1948ಕ್ಕೆ ಮುಂಚೆ ಅಲ್ಲಿ ವರ್ಣಭೇದ ಇರಲಿಲ್ಲವೇ? ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ್ದು ಅಪಾರ್ಥೈಡ್ ಅಲ್ಲವೇ?

ವರ್ಣಭೇದ ಖಂಡಿತ ಇತ್ತು, ಆದರೆ ಅಪಾರ್ಥೈಡ್ ಎಂಬ ಹೆಸರಿನ ವ್ಯವಸ್ಥೆ ಆಗಿನ್ನೂ ಹುಟ್ಟಿರಲಿಲ್ಲ. ಗಾಂಧೀಜಿಯವರನ್ನು ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲ ದರ್ಜೆಯ ಡಬ್ಬಿಯಿಂದ ಹೊರಕ್ಕೆ ತಳ್ಳಿದ್ದು 1893ರಲ್ಲಿ. ಅಂದು ಆ ಊರಿದ್ದ ನಟಾಲ್ ಪ್ರಾಂತ್ಯ ಬ್ರಿಟಿಷರ ವಸಾಹತಾಗಿತ್ತು. ಆ ಘಟನೆಯನ್ನು ‘ಅಪಾರ್ಥೈಡ್ ಆಡಳಿತದ ಕ್ರೌರ್ಯ’ ಎಂದು ಬರೆಯುವ ರೂಢಿ ನಮ್ಮ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಸಾಕಷ್ಟಿದೆ. ಹಾಗೆ ಬರೆದರೆ ಇಸವಿ ತಪ್ಪುವುದು ಒಂದು ಕಡೆ, ಬ್ರಿಟಿಷ್ ಆಳ್ವಿಕೆಯ ಹೊಣೆ ಸದ್ದಿಲ್ಲದೆ ಆಫ್ರಿಕಾನರರ, ಅಂದರೆ ಆಫ್ರಿಕಾನ್ಸ್ ಮಾತಾಡುವ ಬಿಳಿಯರ, ತಲೆಗೆ ಹೋಗುವುದು ಇನ್ನೊಂದು ಕಡೆ. ‘ವಸಾಹತು ಕಾಲದ ವರ್ಣಭೇದ’ ಎಂದರೆ ಸಾಕು, ಸರಿಯೂ ಹೌದು.

1948ರ ನಂತರ ಕಟ್ಟಿದ ಕಟ್ಟಡದ ಪಾಯ ಮಾತ್ರ ಹಳೆಯದೇ. 1913ರ ಭೂ ಕಾಯ್ದೆ ಆಫ್ರಿಕನ್ನರು ಜಮೀನು ಕೊಳ್ಳಬಹುದಾದ ಪ್ರದೇಶವನ್ನು ದೇಶದ ಒಟ್ಟು ನೆಲದ ಸುಮಾರು 7 ಶೇಕಡಕ್ಕೆ ಇಳಿಸಿತು. 1936ರಲ್ಲಿ ಅದನ್ನು ಸುಮಾರು 13 ಶೇಕಡಕ್ಕೆ ಏರಿಸುವ ತೀರ್ಮಾನವಾಯಿತು. ಗಣಿಗಳಲ್ಲಿ ನುರಿತ ಕೆಲಸಗಳನ್ನು ಬಿಳಿಯರಿಗೆ ಮೀಸಲಿಡುವ ಪದ್ಧತಿಯೂ ಆಗಲೇ ಇತ್ತು. ಅಲ್ಲಲ್ಲಿ ಚೆದುರಿದ್ದ ಇಂಥ ಕಟ್ಟಳೆಗಳನ್ನು ಒಟ್ಟುಗೂಡಿಸಿ, ಬಿಟ್ಟುಹೋದ ಸಂದುಗಳನ್ನೆಲ್ಲ ಮುಚ್ಚಿ, ಬದುಕಿನ ಯಾವ ಮೂಲೆಯೂ ಹೊರಗುಳಿಯದಂತೆ ಮಾಡಿದ್ದು ಮಲಾನ್ ಸರ್ಕಾರ ಮತ್ತು ಅದರ ನಂತರದ ಸರ್ಕಾರಗಳು.

ಯಾರು ಯಾವ ಜನಾಂಗ ಎಂದು ಸರ್ಕಾರ ಹೇಗೆ ತೀರ್ಮಾನಿಸುತ್ತಿತ್ತು?

ಇಡೀ ವ್ಯವಸ್ಥೆಯ ಬುಡ ಈ ಪ್ರಶ್ನೆಯಲ್ಲಿದೆ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಜನರನ್ನು ಬಿಳಿಯರು, ಕಲರ್ಡ್ (ಮಿಶ್ರ ಮೂಲದವರು), ನೇಟಿವ್ (ಕರಿಯ ಆಫ್ರಿಕನ್ನರು) ಎಂದು ಮೂರು ಗುಂಪು ಮಾಡಿತು. ಭಾರತೀಯ ಮೂಲದವರು ಮೊದಲಿಗೆ ಕಲರ್ಡ್ ಗುಂಪಿನ ಒಂದು ಉಪವಿಭಾಗದಲ್ಲಿದ್ದರು. ಕಾಲಕ್ರಮದಲ್ಲಿ ‘ಏಷ್ಯನ್’ ಎಂಬ ನಾಲ್ಕನೆಯ ಗುಂಪು ಬೇರೆಯಾಗಿ ನಿಂತಿತು.

ಕಾಯ್ದೆಯಲ್ಲಿ ‘ಬಿಳಿಯ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯನ್ನು ಗಮನವಿಟ್ಟು ಓದಬೇಕು. ನೋಟಕ್ಕೆ ಸ್ಪಷ್ಟವಾಗಿ ಬಿಳಿಯನಾಗಿರುವವನು, ಇಲ್ಲವೇ ಬಿಳಿಯನೆಂದು ಸಾಮಾನ್ಯವಾಗಿ ಒಪ್ಪಿತನಾದವನು ಬಿಳಿಯ. ಆದರೆ ನೋಟಕ್ಕೆ ಬಿಳಿಯನಾಗಿದ್ದರೂ ಕಲರ್ಡ್ ಎಂದು ಊರಿನವರು ಒಪ್ಪಿರುವವನು ಬಿಳಿಯನಲ್ಲ. ಅಂದರೆ ರಕ್ತ, ವಂಶ, ವಿಜ್ಞಾನ ಎಂದೆಲ್ಲ ಮಾತಾಡುತ್ತಿದ್ದ ಸರ್ಕಾರ ಕೊನೆಗೆ ಆತುಕೊಂಡದ್ದು ಕಣ್ಣಂದಾಜನ್ನು ಮತ್ತು ನೆರೆಹೊರೆಯವರ ಅಭಿಪ್ರಾಯವನ್ನು. ಅನುಮಾನ ಬಂದಾಗ ಅಧಿಕಾರಿಗಳು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು: ಪೆನ್ಸಿಲ್ ಜಾರಿ ಕೆಳಗೆ ಬಿದ್ದರೆ ಬಿಳಿಯ, ಗುಂಗುರು ಕೂದಲಿನಲ್ಲಿ ಸಿಕ್ಕಿಕೊಂಡು ನಿಂತರೆ ಅಲ್ಲ. ಈ ಪೆನ್ಸಿಲ್ ಪರೀಕ್ಷೆ ಕಾಯ್ದೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಆದರೆ ಕಚೇರಿಗಳಲ್ಲಿ ನಡೆಯುತ್ತಿತ್ತು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಗುಂಪಿಗೆ ಬಿದ್ದು, ಒಂದೇ ಮನೆಯಲ್ಲಿ ವಾಸಿಸುವುದು ಅಪರಾಧವಾದ ಪ್ರಸಂಗಗಳು ದಾಖಲಾಗಿವೆ. ತೀರ್ಮಾನವನ್ನು ಪ್ರಶ್ನಿಸಲು ಮಂಡಳಿಯೊಂದಿತ್ತು; ಜನಾಂಗವನ್ನು ಬದಲಾಯಿಸಿಕೊಡಿ ಎಂದು ಅರ್ಜಿ ಹಾಕಿದವರು ಅನೇಕರು, ಪಕ್ಕದ ಮನೆಯವನು ಬಿಳಿಯನಲ್ಲ ಎಂದು ದೂರು ಕೊಟ್ಟವರೂ ಇದ್ದರು.

ಆದುದರಿಂದಲೇ ಅಪಾರ್ಥೈಡ್ ಬಗ್ಗೆ ಬರೆಯುವಾಗ ‘ನಾಲ್ಕು ಜನಾಂಗಗಳಿದ್ದವು’ ಎನ್ನುವುದಕ್ಕಿಂತ ‘ಸರ್ಕಾರ ಜನರನ್ನು ನಾಲ್ಕು ಜನಾಂಗಗಳೆಂದು ವರ್ಗೀಕರಿಸಿತು’ ಎನ್ನುವುದು ಮೇಲು.

ದಿನನಿತ್ಯದ ಬದುಕಿನಲ್ಲಿ ಇದು ಹೇಗೆ ಕಾಣುತ್ತಿತ್ತು?

ಚಿತ್ರಗಳಲ್ಲಿ ನಾವು ಹೆಚ್ಚಾಗಿ ನೋಡಿರುವುದು ‘ಸ್ಲೆಖ್ಸ್ ಫಿರ್ ಬ್ಲಾಂಕೆಸ್’, ಅಂದರೆ ‘ಬಿಳಿಯರಿಗೆ ಮಾತ್ರ’ ಎಂದು ಬರೆದ ಉದ್ಯಾನದ ಬೆಂಚನ್ನು. 1953ರ ಪ್ರತ್ಯೇಕ ಸೌಕರ್ಯಗಳ ಕಾಯ್ದೆಯ ಫಲ ಅದು. ಬಸ್ಸು, ಆಂಬುಲೆನ್ಸ್, ಅಂಚೆ ಕಚೇರಿಯ ಬಾಗಿಲು, ಸಮುದ್ರ ತೀರ, ಶೌಚಾಲಯ ಎಲ್ಲವೂ ಬೇರೆ ಬೇರೆ. ಸೌಕರ್ಯಗಳು ಸಮಾನವಾಗಿರಬೇಕಾಗಿಲ್ಲ ಎಂದೂ ಅದೇ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. 1949ರ ಕಾಯ್ದೆ ಬಿಳಿಯರು ಮತ್ತು ಇತರರ ನಡುವಿನ ಮದುವೆಯನ್ನು ನಿಷೇಧಿಸಿತು. 1953ರ ಬಂಟು ಶಿಕ್ಷಣ ಕಾಯ್ದೆ ಕರಿಯ ಮಕ್ಕಳಿಗೆ ಕಲಿಸುವುದನ್ನು ಕೂಲಿ ಕೆಲಸಕ್ಕೆ ಬೇಕಾದಷ್ಟಕ್ಕೆ ಮೊಟಕುಗೊಳಿಸಿತು.

ಬೆಂಚುಗಳಿಗಿಂತ ಹೆಚ್ಚು ಕಾಡುತ್ತಿದ್ದದ್ದು ಪಾಸ್ ಪುಸ್ತಕ. ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ನನೂ ಫೋಟೊ, ಬೆರಳಚ್ಚು, ಉದ್ಯೋಗದಾತನ ಸಹಿ ಇರುವ ಈ ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಿತ್ತು. ಜನ ಅದನ್ನು ‘ದೊಂಪಾಸ್’, ಅಂದರೆ ದಡ್ಡ ಪಾಸ್, ಎಂದು ಬೈದುಕೊಂಡು ಕರೆಯುತ್ತಿದ್ದರು. ಪರವಾನಗಿ ಇಲ್ಲದ ಆಫ್ರಿಕನ್ನನು ನಗರದಲ್ಲಿ 72 ಗಂಟೆಗಳಿಗಿಂತ ಹೆಚ್ಚು ಹೊತ್ತು ಇರುವಂತಿರಲಿಲ್ಲ. ಬಿಳಿಯರ ಮನೆಯ ಕೆಲಸದಾಕೆ ಹಿತ್ತಲಿನ ಸಣ್ಣ ಕೋಣೆಯಲ್ಲಿ ಮಲಗಬಹುದಿತ್ತು. ಅವಳ ಗಂಡ ಮತ್ತು ಮಕ್ಕಳು ಅಲ್ಲಿ ಒಂದು ರಾತ್ರಿ ತಂಗಿದರೂ ಪೊಲೀಸರು ಹಿಡಿದುಕೊಂಡು ಹೋಗಬಹುದಿತ್ತು. ಆ ಮನೆಯ ಅಡುಗೆ ಮಾಡಿ, ಆ ಮನೆಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸುತ್ತಿದ್ದವಳು ಅವಳೇ. ‘ಪ್ರತ್ಯೇಕತೆ’ ಎಂಬ ಪದದ ಕಪಟ ಇಲ್ಲಿ ಎದ್ದು ಕಾಣುತ್ತದೆ. ಬಿಳಿಯರ ಅಡುಗೆಮನೆ, ಗಣಿ, ತೋಟ, ಕಾರ್ಖಾನೆ ಯಾವುದೂ ಕರಿಯರ ದುಡಿಮೆಯಿಂದ ಪ್ರತ್ಯೇಕವಾಗಿರಲಿಲ್ಲ. ಪ್ರತ್ಯೇಕವಾಗಿದ್ದದ್ದು ಮಜೂರಿ, ಮನೆ, ಮತದ ಹಕ್ಕು.

ಯಾವ ಜನಾಂಗ ಯಾವ ಪ್ರದೇಶದಲ್ಲಿ ವಾಸಿಸಬೇಕೆಂದು ಗೊತ್ತುಮಾಡಿದ 1950ರ ಗ್ರೂಪ್ ಏರಿಯಾಸ್ ಕಾಯ್ದೆ ಮತ್ತು ಅಂಥವೇ ಇತರ ಕಾಯ್ದೆಗಳು ಊರುಗಳನ್ನೇ ಸೀಳಿದವು. ಜೋಹಾನ್ಸ್‌ಬರ್ಗ್‌ನ ಸೋಫಿಯಾಟೌನ್‌ನಿಂದ 1955ರಿಂದ ಜನರನ್ನು ಎಬ್ಬಿಸಿ, ಮನೆಗಳನ್ನು ಕೆಡವಿ, ಅದೇ ಜಾಗದಲ್ಲಿ ಬಿಳಿಯರ ಬಡಾವಣೆ ಕಟ್ಟಿ ಅದಕ್ಕೆ ‘ತ್ರಿಯೋಂಫ್’, ಅಂದರೆ ವಿಜಯ, ಎಂದು ಹೆಸರಿಟ್ಟರು. ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಹಳೆಯ ಬಡಾವಣೆಯನ್ನು 1966ರಲ್ಲಿ ಬಿಳಿಯರ ಪ್ರದೇಶವೆಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಹೊರಹಾಕಿದರು. 1960ರಿಂದ 1983ರವರೆಗಿನ ಅವಧಿಯಲ್ಲಿ ದೇಶದಾದ್ಯಂತ ಹೀಗೆ ಬಲವಂತವಾಗಿ ಸ್ಥಳಾಂತರಗೊಂಡವರ ಸಂಖ್ಯೆ ಸುಮಾರು 35 ಲಕ್ಷ ಎಂಬ ಅಂದಾಜಿದೆ.

‘ಪ್ರತ್ಯೇಕ ಅಭಿವೃದ್ಧಿ’, ‘ಬಂಟುಸ್ತಾನ್’ ಎಂಬ ಮಾತುಗಳು ಎಲ್ಲಿಂದ ಬಂದವು?

ಅಪಾರ್ಥೈಡ್ ಎಂಬ ಹೆಸರಿಗೆ ಹೊರಜಗತ್ತಿನಲ್ಲಿ ಕೆಟ್ಟ ವಾಸನೆ ಅಂಟಿಕೊಂಡ ಮೇಲೆ ಸರ್ಕಾರ ಹೊಸ ಹೆಸರು ಹುಡುಕಿತು. 1958ರಲ್ಲಿ ಪ್ರಧಾನಿಯಾದ ಹೆಂಡ್ರಿಕ್ ಫರ್ವೂರ್ಟ್ ಅವರ ಕಾಲದಲ್ಲಿ ‘ಪ್ರತ್ಯೇಕ ಅಭಿವೃದ್ಧಿ’ ಎಂಬ ನುಡಿ ಚಾಲ್ತಿಗೆ ಬಂತು. ಆಫ್ರಿಕನ್ನರು ಒಂದು ಜನವಲ್ಲ, ಷೋಸಾ, ಜುಲು, ತ್ಸ್ವಾನ ಮುಂತಾದ ಹಲವು ರಾಷ್ಟ್ರಗಳು. ಪ್ರತಿಯೊಂದಕ್ಕೂ ಅದರದೇ ತಾಯ್ನೆಲ ಕೊಡುತ್ತೇವೆ ಎಂಬುದು ವಾದ. ಈ ತಾಯ್ನೆಲಗಳನ್ನೇ ಟೀಕಾಕಾರರು ಬಂಟುಸ್ತಾನ್ ಎಂದು ಕರೆದರು. 1976ರಲ್ಲಿ ಟ್ರಾನ್ಸ್‌ಕೈ, ಆಮೇಲೆ ಬೊಫುತತ್ಸ್ವಾನ, ವೆಂಡ, ಸಿಸ್ಕೈಗಳಿಗೆ ‘ಸ್ವಾತಂತ್ರ್ಯ’ ಕೊಡಲಾಯಿತು. ದಕ್ಷಿಣ ಆಫ್ರಿಕಾವನ್ನು ಬಿಟ್ಟರೆ ವಿಶ್ವಸಂಸ್ಥೆಯ ಯಾವ ಸದಸ್ಯ ರಾಷ್ಟ್ರವೂ ಅವುಗಳನ್ನು ಮಾನ್ಯ ಮಾಡಲಿಲ್ಲ. ಜೋಹಾನ್ಸ್‌ಬರ್ಗ್‌ನಲ್ಲಿಯೇ ಹುಟ್ಟಿ ಬೆಳೆದು ಟ್ರಾನ್ಸ್‌ಕೈಯನ್ನು ಕಣ್ಣಿನಿಂದಲೂ ಕಾಣದ ಷೋಸಾ ಭಾಷಿಕ ಅದರ ಪ್ರಜೆಯಾಗಿ, ತನ್ನದೇ ಊರಿನಲ್ಲಿ ಪರದೇಶಿಯಾದ.

ಇಲಾಖೆಯ ಹೆಸರು ಬದಲಾದ ಕ್ರಮವೂ ಸ್ವಾರಸ್ಯಕರ. ‘ನೇಟಿವ್ ವ್ಯವಹಾರ’ ಎಂದಿದ್ದದ್ದು ‘ಬಂಟು ಆಡಳಿತ’ವಾಯಿತು, 1978ರಲ್ಲಿ ‘ಬಹುತ್ವದ ಸಂಬಂಧಗಳು’ ಎಂದಾಯಿತು, ಅಲ್ಲಿಂದ ‘ಸಹಕಾರ ಮತ್ತು ಅಭಿವೃದ್ಧಿ’ಗೆ ಬಂತು. ಫಲಕ ಬದಲಾಗುತ್ತಿತ್ತು, ಪಾಸ್ ಪುಸ್ತಕ ಹಾಗೆಯೇ ಇತ್ತು.

ಭಾರತೀಯ ಮೂಲದವರ ಸ್ಥಾನ ಏನಿತ್ತು?

1860ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು, ಅವರ ಹಿಂದೆಯೇ ವ್ಯಾಪಾರಕ್ಕೆಂದು ಹೋದ ಗುಜರಾತಿಗಳು ಅಲ್ಲಿನ ಭಾರತೀಯ ಸಮುದಾಯದ ಮೂಲ. ಮದ್ರಾಸಿನ ಬಂದರಿನಿಂದ ಹೋದವರಲ್ಲಿ ತಮಿಳರು ಮತ್ತು ತೆಲುಗರೇ ಹೆಚ್ಚು. ಇವರನ್ನು ದೇಶದ ಶಾಶ್ವತ ನಿವಾಸಿಗಳೆಂದು ಸರ್ಕಾರ ಒಪ್ಪಿದ್ದೇ 1961ರಲ್ಲಿ. ಅಲ್ಲಿಯವರೆಗೆ ಭಾರತಕ್ಕೆ ವಾಪಸು ಕಳುಹಿಸುವುದೇ ಅಧಿಕೃತ ಗುರಿಯಾಗಿತ್ತು. ಆರೆಂಜ್ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಭಾರತೀಯರು ನೆಲೆಸುವುದು 1980ರ ದಶಕದವರೆಗೂ ನಿಷಿದ್ಧ. ಡರ್ಬನ್‌ನಲ್ಲಿ ಗ್ರೂಪ್ ಏರಿಯಾಸ್ ಕಾಯ್ದೆಯಡಿ ಎಬ್ಬಿಸಲ್ಪಟ್ಟ ಭಾರತೀಯರಿಗಾಗಿ ಚಾಟ್ಸ್‌ವರ್ತ್, ಫೀನಿಕ್ಸ್‌ನಂಥ ಬಡಾವಣೆಗಳು ಎದ್ದವು.

ಏಣಿಯಲ್ಲಿ ಅವರ ಮೆಟ್ಟಿಲು ಬಿಳಿಯರಿಗಿಂತ ಕೆಳಗೆ, ಆಫ್ರಿಕನ್ನರಿಗಿಂತ ಮೇಲೆ ಇತ್ತು. ಪಾಸ್ ಪುಸ್ತಕದ ಕಾಟ ಆಫ್ರಿಕನ್ನರಿಗಿದ್ದಂತೆ ಅವರಿಗಿರಲಿಲ್ಲ. 1983ರ ಸಂವಿಧಾನ ಬಿಳಿಯರು, ಕಲರ್ಡ್, ಭಾರತೀಯರು ಎಂದು ಮೂರು ಸದನಗಳ ಸಂಸತ್ತನ್ನು ರೂಪಿಸಿ, ಆಫ್ರಿಕನ್ನರನ್ನು ಪೂರ್ತಿ ಹೊರಗಿಟ್ಟಿತು. 1984ರ ಆ ಚುನಾವಣೆಯನ್ನು ಭಾರತೀಯ ಮತದಾರರಲ್ಲಿ ಬಹುಪಾಲು ಜನ ಬಹಿಷ್ಕರಿಸಿದರು. ಯೂಸುಫ್ ದಾದೂ, ಅಹ್ಮದ್ ಕತ್ರಾಡ ಅವರಂಥ ನಾಯಕರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಜೊತೆಗೆ ನಿಂತರು. ಕತ್ರಾಡ ಅವರು ಮಂಡೇಲರ ಜೊತೆಗೇ 1964ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವರು.

ಅಮೆರಿಕದ ‘ಸೆಗ್ರಿಗೇಷನ್’ ಮತ್ತು ಅಪಾರ್ಥೈಡ್ ಒಂದೇ ಅರ್ಥದ ಪದಗಳೇ?

ಹತ್ತಿರದ ಪದಗಳು, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಬಸ್ಸು, ಹೋಟೆಲುಗಳಲ್ಲಿ ಕರಿಯರನ್ನು ಬೇರೆ ಇರಿಸುವ ಕಾನೂನುಗಳಿದ್ದವು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಬೇರೆಯಾದರೂ ಸಮಾನ’ ಎಂಬ ತತ್ವದಡಿ ಅವನ್ನು ಎತ್ತಿಹಿಡಿಯಿತು, 1954ರಲ್ಲಿ ಶಾಲೆಗಳ ವಿಷಯದಲ್ಲಿ ಆ ತತ್ವವನ್ನು ತಳ್ಳಿಹಾಕಿತು, 1964ರ ನಾಗರಿಕ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿನ ಪ್ರತ್ಯೇಕತೆಯನ್ನು ನಿಷೇಧಿಸಿತು. ಅಮೆರಿಕದಲ್ಲಿ ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದವು, ಕರಿಯರು ಅಲ್ಪಸಂಖ್ಯಾತರು, ಕಾಗದದ ಮೇಲಾದರೂ ಸಂವಿಧಾನ ಅವರ ಪರವಾಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ಅಲ್ಪಸಂಖ್ಯಾತರು ಬಹುಸಂಖ್ಯಾತರನ್ನು ಆಳುತ್ತಿದ್ದರು. ಅಮೆರಿಕ ಈ ಕಾನೂನುಗಳನ್ನು ಸಡಿಲಿಸಲು ಆರಂಭಿಸಿದ ಹೊತ್ತಿಗೆ ಅವರು ಇನ್ನಷ್ಟು ಬಿಗಿಗೊಳಿಸಿದರು. ಸೆಗ್ರಿಗೇಷನ್‌ಗೆ ‘ಜನಾಂಗೀಯ ಪ್ರತ್ಯೇಕತೆ’ ಎಂದು ಬರೆದು, ಅಪಾರ್ಥೈಡ್‌ಗೆ ‘ವರ್ಣಭೇದ ನೀತಿ’ಯನ್ನು ಉಳಿಸಿಕೊಂಡರೆ ಓದುಗನಿಗೆ ಗೊಂದಲವಾಗದು.

ಕನ್ನಡದಲ್ಲಿ ‘ವರ್ಣಭೇದ ನೀತಿ’ ಎಂಬುದು ಸಮರ್ಪಕವೇ?

ರೂಢಿಯಲ್ಲಿ ಗಟ್ಟಿಯಾಗಿ ನಿಂತಿರುವ ಮಾತು, ಕೈಬಿಡಬೇಕಾಗಿಲ್ಲ. ಅದರ ಎರಡು ತೊಡಕುಗಳನ್ನು ಮಾತ್ರ ಬರೆಯುವವರು ಅರಿತಿರಬೇಕು. ಒಂದು, ‘ವರ್ಣ’ ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯದ ವರ್ಣವೂ ಹೌದು. ‘ವರ್ಣವ್ಯವಸ್ಥೆ’ ಎಂದರೆ ಕನ್ನಡ ಓದುಗನಿಗೆ ಹೊಳೆಯುವುದು ಮನು, ದಕ್ಷಿಣ ಆಫ್ರಿಕಾ ಅಲ್ಲ. ಹಾಗಾಗಿ ಅಪಾರ್ಥೈಡ್‌ಗೆ ‘ವರ್ಣವ್ಯವಸ್ಥೆ’ ಎಂದು ಬರೆಯಲೇಬಾರದು. ಎರಡು, ‘ನೀತಿ’ಯನ್ನು ಬಿಟ್ಟು ಬರೀ ‘ವರ್ಣಭೇದ’ ಎಂದರೆ ಫುಟ್ಬಾಲ್ ಮೈದಾನದಲ್ಲಿ ಪ್ರೇಕ್ಷಕನೊಬ್ಬ ಕೂಗಿದ ಬೈಗುಳವೂ ಅದರಲ್ಲಿ ಸೇರಿಬಿಡುತ್ತದೆ.

ಕಾನೂನಿನ ಸಂದರ್ಭದಲ್ಲಿ, ಮುಖ್ಯವಾಗಿ ಅಂತಾರಾಷ್ಟ್ರೀಯ ಒಪ್ಪಂದಗಳ ಬಗ್ಗೆ ಬರೆಯುವಾಗ, ‘ಅಪಾರ್ಥೈಡ್’ ಎಂಬ ಮೂಲ ಪದವನ್ನೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇಂಗ್ಲಿಷ್, ಫ್ರೆಂಚ್ ಮೊದಲಾದ ಭಾಷೆಗಳೂ ಅದನ್ನು ಭಾಷಾಂತರಿಸದೆ ಹಾಗೆಯೇ ತೆಗೆದುಕೊಂಡಿವೆ. ‘ಪ್ರತ್ಯೇಕತೆ’ ಎಂದು ಸುಮ್ಮನೆ ಅನುವಾದಿಸಿದರೆ ಆಳುವವರು ಆ ಹೆಸರಿನಲ್ಲಿ ತುಂಬಿದ್ದ ನಯವಂಚನೆಯನ್ನು ನಾವೂ ಒಪ್ಪಿದಂತಾಗುತ್ತದೆ.

‘ಕಲರ್ಡ್’, ‘ಬಂಟು’, ‘ಕಾಫಿರ್’ ಮುಂತಾದ ಪದಗಳನ್ನು ಬಳಸಬಹುದೇ?

ಮೂರಕ್ಕೂ ಒಂದೇ ಉತ್ತರವಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ‘ಕಲರ್ಡ್’ ಎಂದರೆ ಖೋಯ್‌ಖೋಯ್ ಮತ್ತು ಸಾನ್ ಮೂಲನಿವಾಸಿಗಳು, ಏಷ್ಯಾದಿಂದ ಹಿಡಿದು ತಂದ ಗುಲಾಮರು, ಯೂರೋಪಿಯನ್ನರು ಮತ್ತು ಇತರ ಆಫ್ರಿಕನ್ನರ ಸಂತತಿಯಾದ ಒಂದು ನಿರ್ದಿಷ್ಟ ಸಮುದಾಯ. ಅವರಲ್ಲಿ ಅನೇಕರು ಇಂದಿಗೂ ಆ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಾರೆ. ಇದನ್ನು ‘ಬಣ್ಣದವರು’ ಎಂದು ಅನುವಾದಿಸಿದರೆ ಕರಿಯರೆಲ್ಲರೂ ಎಂಬ ಅರ್ಥ ಬಂದು ವಾಕ್ಯ ಕೆಡುತ್ತದೆ. ‘ಕಲರ್ಡ್ ಸಮುದಾಯ’ ಎಂದೋ ‘ಮಿಶ್ರ ಮೂಲದವರು’ ಎಂದೋ ಬರೆಯಬಹುದು. ‘ಬಂಟು’ ಒಂದು ಭಾಷಾ ಕುಟುಂಬದ ಹೆಸರಾಗಿ ಸರಿ. ಜನರನ್ನು ಹಾಗೆ ಕರೆದರೆ ಅಪಾರ್ಥೈಡ್ ಸರ್ಕಾರದ ಕಚೇರಿ ಭಾಷೆ ನೆನಪಾಗಿ ಅವಮಾನವೆನಿಸುತ್ತದೆ. ‘ಕಾಫಿರ್’ ಅಲ್ಲಿ ಕೀಳು ಬೈಗುಳ, ಇಂದು ಅದನ್ನು ಆಡಿದವರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತದೆ. ಹಳೆಯ ದಾಖಲೆಯನ್ನು ಉದ್ಧರಿಸುವಾಗ ಹೊರತು ಬೇಡ.

ಅಂತಾರಾಷ್ಟ್ರೀಯ ಕಾನೂನಿನಲ್ಲಿ ಈ ಪದಕ್ಕೆ ವ್ಯಾಖ್ಯೆ ಇದೆಯೇ?

ಇದೆ. 1973ರ ನವೆಂಬರ್ 30ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಪಾರ್ಥೈಡ್ ಅಪರಾಧದ ದಮನ ಮತ್ತು ಶಿಕ್ಷೆಗೆ ಸಂಬಂಧಿಸಿದ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು 1976ರಲ್ಲಿ ಜಾರಿಗೆ ಬಂತು. ಒಂದು ಜನಾಂಗೀಯ ಗುಂಪು ಇನ್ನೊಂದರ ಮೇಲೆ ಪ್ರಭುತ್ವ ಸ್ಥಾಪಿಸಿ ಉಳಿಸಿಕೊಳ್ಳುವ ಹಾಗೂ ಆ ಗುಂಪನ್ನು ವ್ಯವಸ್ಥಿತವಾಗಿ ದಮನಿಸುವ ಉದ್ದೇಶದಿಂದ ಎಸಗುವ ಅಮಾನವೀಯ ಕೃತ್ಯಗಳು ಎಂಬುದು ಅದರ ವ್ಯಾಖ್ಯೆಯ ತಿರುಳು. 1998ರ ರೋಮ್ ಶಾಸನವೂ, ಅಂದರೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸ್ಥಾಪನಾ ಒಪ್ಪಂದವೂ, ಅಪಾರ್ಥೈಡನ್ನು ಮಾನವತೆಯ ವಿರುದ್ಧದ ಅಪರಾಧಗಳಲ್ಲಿ ಒಂದಾಗಿ ಪಟ್ಟಿ ಮಾಡಿದೆ.

ಈ ವ್ಯಾಖ್ಯೆಗಳಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೀಮಿತಗೊಳಿಸುವ ಮಾತಿಲ್ಲ. ಹಾಗಾಗಿ ಚರಿತ್ರೆಯಲ್ಲಿ ಒಂದು ದೇಶದ ವ್ಯವಸ್ಥೆಗೆ ಅಂಕಿತನಾಮವಾದ ಪದ ಕಾನೂನಿನಲ್ಲಿ ರೂಢನಾಮವಾಗಿದೆ. ಬಳಸುವವರು ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆಂಬುದನ್ನು ಮೊದಲು ಕೇಳಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಭಾರತದ ನಿಲುವು ಏನಾಗಿತ್ತು?

ಭಾರತ ಈ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮುನ್ನ. ದಕ್ಷಿಣ ಆಫ್ರಿಕಾದ ಭಾರತೀಯರು ಜಮೀನು ಹೊಂದುವುದನ್ನು ನಿರ್ಬಂಧಿಸಿದ ಆ ವರ್ಷದ ಕಾಯ್ದೆಯ ವಿರುದ್ಧ ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ನಿಯೋಗ ಸಾಮಾನ್ಯ ಸಭೆಯಲ್ಲಿ ವಾದ ಮಂಡಿಸಿತು. ಅದೇ ವರ್ಷ ವ್ಯಾಪಾರ ಸಂಬಂಧವನ್ನೂ ಕಡಿದುಕೊಳ್ಳಲಾಯಿತು. ದಶಕಗಳ ಕಾಲ ಭಾರತದ ಪಾಸ್‌ಪೋರ್ಟಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಪ್ರಯಾಣ ನಿಷಿದ್ಧ ಎಂಬ ಒಕ್ಕಣೆ ಇರುತ್ತಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ ಭಾರತದ ಟೆನಿಸ್ ತಂಡ ದಕ್ಷಿಣ ಆಫ್ರಿಕಾದ ವಿರುದ್ಧ ಆಡಲು ನಿರಾಕರಿಸಿ ಕಪ್ಪನ್ನೇ ಬಿಟ್ಟುಕೊಟ್ಟಿತು. ಮಂಡೇಲರಿಗೆ 1990ರಲ್ಲಿ ಭಾರತ ರತ್ನ ಸಂದಿತು.

ಅಸ್ಪೃಶ್ಯತೆಯನ್ನು ಅಪಾರ್ಥೈಡ್ ಎನ್ನಬಹುದೇ?

ಕನ್ನಡ ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಬರಬೇಕಾದದ್ದೂ ಹೌದು. ಹೋಲಿಕೆ ಹೊಸದಲ್ಲ. ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ನೀಗ್ರೋಗಳ ಸ್ಥಿತಿಗೂ ಇರುವ ಸಾಮ್ಯವನ್ನು ಸೂಚಿಸಿದ್ದರು. ಬೆಂಗಳೂರಿನಿಂದ ಹೊರಡುತ್ತಿದ್ದ ‘ದಲಿತ್ ವಾಯ್ಸ್’ ಪತ್ರಿಕೆಯ ಸಂಪಾದಕ ವಿ.ಟಿ. ರಾಜಶೇಖರ್ ಅಪಾರ್ಥೈಡ್ ಎಂಬ ಪದವನ್ನೇ ಬಳಸಿ ಬರೆಯುತ್ತಿದ್ದರು. 2006ರ ಡಿಸೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು ಅಸ್ಪೃಶ್ಯತೆಗೆ ಹೋಲಿಕೆ ಸಿಗುವುದು ದಕ್ಷಿಣ ಆಫ್ರಿಕಾದ ಅಪಾರ್ಥೈಡ್‌ನಲ್ಲಿ ಮಾತ್ರ ಎಂದರು.

ಸಾಮ್ಯ ಎಲ್ಲಿದೆಯೆಂದು ಹುಡುಕಲು ಹಳ್ಳಿಯ ನಕ್ಷೆ ಸಾಕು. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಬಾವಿ ಬೇರೆ, ಸ್ಮಶಾನ ಬೇರೆ. ಹೋಟೆಲಿನ ಹೊರಗೆ ಗೂಡಿನಲ್ಲಿಟ್ಟ ಬೇರೆ ಲೋಟ, ಕುಡಿದವನೇ ತೊಳೆದಿಡಬೇಕು. ಗದ್ದೆಯಲ್ಲಿ ದುಡಿಯುವ ಕೈ ಬೇಕು, ಆ ಕೈ ಮುಟ್ಟಿದ ನೀರು ಬೇಡ. ಜೋಹಾನ್ಸ್‌ಬರ್ಗ್‌ನ ಹಿತ್ತಲ ಕೋಣೆಯಲ್ಲಿ ಮಲಗುತ್ತಿದ್ದ ಕೆಲಸದಾಕೆಗೆ ಈ ಲೆಕ್ಕಾಚಾರವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವ್ಯತ್ಯಾಸ ಕಾನೂನಿನಲ್ಲಿದೆ. ದಕ್ಷಿಣ ಆಫ್ರಿಕಾದ ಸಂಸತ್ತು 1950ರಲ್ಲಿ ಜನಾಂಗವಾರು ನೋಂದಣಿಯನ್ನು ಶಾಸನವಾಗಿಸಿದ ವರ್ಷವೇ ಜಾರಿಗೆ ಬಂದ ನಮ್ಮ ಸಂವಿಧಾನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಮತ್ತು 1989ರ ಕಾಯ್ದೆಗಳು ಅದರ ಆಚರಣೆಗೆ, ದೌರ್ಜನ್ಯಕ್ಕೆ ಶಿಕ್ಷೆ ಗೊತ್ತುಮಾಡಿದವು. ಅಲ್ಲಿ ಕಾನೂನನ್ನು ಪಾಲಿಸಿದವನು ಕರಿಯನನ್ನು ಹೊರಗಿಡುತ್ತಿದ್ದ, ಇಲ್ಲಿ ಹೊರಗಿಡುವವನು ಕಾನೂನನ್ನು ಮುರಿಯುತ್ತಾನೆ. ಇದು ಸಣ್ಣ ವ್ಯತ್ಯಾಸವಲ್ಲ. ಹಾಗೆಂದು ಕೇರಿಯವರ ಬದುಕಿಗೆ ಅದರಿಂದ ಎಷ್ಟು ನೆಮ್ಮದಿ ಸಿಕ್ಕಿದೆ ಎಂಬುದು ಬೇರೆಯೇ ಪ್ರಶ್ನೆ. ಅಲ್ಲಿನ ಕಾನೂನುಗಳನ್ನು ಸಂಸತ್ತು ಒಂದೊಂದಾಗಿ ರದ್ದುಪಡಿಸಬಹುದಿತ್ತು. ಕಾಗದದ ಮೇಲೆ ಈಗಾಗಲೇ ರದ್ದಾಗಿರುವುದನ್ನು ಮತ್ತೊಮ್ಮೆ ರದ್ದುಮಾಡುವುದು ಹೇಗೆ?

2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗೀಯತೆ ವಿರೋಧಿ ಸಮ್ಮೇಳನದಲ್ಲಿ ಜಾತಿಯ ಪ್ರಶ್ನೆಯನ್ನೂ ಸೇರಿಸಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದಾಗ, ಜಾತಿ ಎಂದರೆ ಜನಾಂಗವಲ್ಲ ಎಂದು ಭಾರತ ಸರ್ಕಾರ ವಿರೋಧಿಸಿತು. ಸೋಜಿಗವೆಂದರೆ, 1965ರ ಜನಾಂಗೀಯ ತಾರತಮ್ಯ ವಿರೋಧಿ ಒಡಂಬಡಿಕೆಯ ಕರಡಿನಲ್ಲಿ ಜನಾಂಗ, ಬಣ್ಣಗಳ ಜೊತೆಗೆ ‘ವಂಶ’ ಎಂಬ ಪದವನ್ನೂ ಸೇರಿಸಬೇಕೆಂದು ಸೂಚಿಸಿದ್ದು ಭಾರತವೇ. ಆ ಪದದಲ್ಲಿ ಜಾತಿಯೂ ಅಡಕವಾಗಿದೆ ಎಂದು 2002ರಲ್ಲಿ ಆ ಒಡಂಬಡಿಕೆಯ ಸಮಿತಿ ಹೇಳಿತು. ಭಾರತ ಅದನ್ನು ಒಪ್ಪಿಲ್ಲ.

ಬರೆಯುವವರಿಗೆ ನನ್ನ ಸಲಹೆ ಇಷ್ಟೇ: ಹೋಲಿಕೆಯಾಗಿ ಬಳಸುವುದಾದರೆ ಯಾವ ಆಚರಣೆಗೆ ಯಾವುದನ್ನು ಹೋಲಿಸುತ್ತಿದ್ದೀರೆಂದು ಬಿಡಿಸಿ ಹೇಳಿ. ‘ಅಸ್ಪೃಶ್ಯತೆ’ ಎಂಬ ಪದಕ್ಕೇ ಅದರದೇ ಭಾರವಿದೆ. ಜಗತ್ತಿಗೆ ಅರ್ಥವಾಗಲೆಂದು ಬೇರೆ ದೇಶದ ಪದ ಬೇಕಾಗಬಹುದು, ಕನ್ನಡದವರಿಗೆ ಅರ್ಥವಾಗಲು ಬೇಕಿಲ್ಲ.

ಇಂದು ಬೇರೆ ಸಂದರ್ಭಗಳಲ್ಲಿ ಈ ಪದ ಕೇಳಿಬರುತ್ತದಲ್ಲ?

ಕೇಳಿಬರುತ್ತದೆ. ಪ್ಯಾಲೆಸ್ತೀನಿಯರ ವಿಷಯದಲ್ಲಿ ಇಸ್ರೇಲಿನ ಆಡಳಿತ ಅಪಾರ್ಥೈಡ್‌ನ ಕಾನೂನು ವ್ಯಾಖ್ಯೆಗೆ ಒಳಪಡುತ್ತದೆಂದು 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್, 2022ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ನೀಡಿದವು. ಇಸ್ರೇಲ್ ಇದನ್ನು ಸಾರಾಸಗಟಾಗಿ ತಳ್ಳಿಹಾಕಿದೆ. ಅಲ್ಲಿ ವಾದ ನಡೆಯುತ್ತಿರುವುದು ಕಾನೂನಿನ ಅರ್ಥದ ಮೇಲೆ, ಆದ್ದರಿಂದ ಸುದ್ದಿ ಬರೆಯುವಾಗ ಯಾರು ಹೇಳಿದರೆಂಬುದನ್ನು ಸೇರಿಸಿಯೇ ಬರೆಯಬೇಕು. ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತದಲ್ಲಿ ಮಹಿಳೆಯರ ಸ್ಥಿತಿಯನ್ನು ‘ಲಿಂಗಾಧಾರಿತ ಅಪಾರ್ಥೈಡ್’ ಎನ್ನುವವರು ಅದನ್ನೂ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಸೇರಿಸಬೇಕೆಂದು ಕೇಳುತ್ತಿದ್ದಾರೆ. ಸದ್ಯದ ವ್ಯಾಖ್ಯೆಗಳು ಜನಾಂಗಕ್ಕೆ ಸೀಮಿತ. ಕೋವಿಡ್ ಕಾಲದ ‘ಲಸಿಕೆ ಅಪಾರ್ಥೈಡ್’ ಶುದ್ಧ ರೂಪಕ. ರೂಪಕವಾಗಿ ಬಳಸುವುದು ತಪ್ಪೇನಲ್ಲ, ಆದರೆ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟ್ ಇಟ್ಟದ್ದಕ್ಕೂ ಇದೇ ಪದ ಹಾಕಿದರೆ, ನಾಳೆ ನಿಜವಾದುದನ್ನು ಹೆಸರಿಸಲು ಪದ ಉಳಿಯುವುದಿಲ್ಲ. ಆ ಲಿಫ್ಟಿಗೆ ‘ತಾರತಮ್ಯ’ ಎನ್ನಿ, ಸಾಕಷ್ಟು ಕಟುವಾಗಿಯೇ ಇದೆ.

ಅಪಾರ್ಥೈಡ್ ಕೊನೆಗೊಂಡದ್ದು ಯಾವಾಗ ಎಂದು ಬರೆಯಬೇಕು?

ಒಂದೇ ದಿನಾಂಕ ಬೇಕೆಂದರೆ 1994ರ ಏಪ್ರಿಲ್ 27, ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆಯ ದಿನ. ಕಾನೂನುಗಳು ಅದಕ್ಕೂ ಮೊದಲೇ ಕಳಚಿದ್ದವು: ಮಿಶ್ರ ವಿವಾಹ ನಿಷೇಧ 1985ರಲ್ಲಿ, ಪಾಸ್ ಕಾನೂನುಗಳು 1986ರಲ್ಲಿ, ಪ್ರತ್ಯೇಕ ಸೌಕರ್ಯಗಳ ಕಾಯ್ದೆ 1990ರಲ್ಲಿ, ಜನಸಂಖ್ಯಾ ನೋಂದಣಿ ಮತ್ತು ಗ್ರೂಪ್ ಏರಿಯಾಸ್ ಕಾಯ್ದೆಗಳು 1991ರಲ್ಲಿ ರದ್ದಾದವು. ಕಾನೂನಿನ ಬಗ್ಗೆ ಬರೆಯುತ್ತಿದ್ದರೆ 1991, ರಾಜಕೀಯ ಅಧಿಕಾರದ ಬಗ್ಗೆಯಾದರೆ 1994. ಜಮೀನಿನ ಹಂಚಿಕೆಯ ಬಗ್ಗೆ ಬರೆಯುವವರು ‘ಕೊನೆಗೊಂಡಿತು’ ಎಂಬ ಕ್ರಿಯಾಪದವನ್ನು ಯೋಚಿಸಿ ಬಳಸಬೇಕು.

ಉಚ್ಚಾರಣೆ ಮತ್ತು ಕಾಗುಣಿತ?

ಆಫ್ರಿಕಾನ್ಸ್ ಭಾಷಿಕರು ‘ಅಪಾರ್ಟ್‌ಹೆಯ್ಟ್’ ಎಂಬುದಕ್ಕೆ ಸಮೀಪವಾಗಿ ನುಡಿಯುತ್ತಾರೆ. ಅಲ್ಲಿ ‘ಥ’ಕಾರವೂ ಇಲ್ಲ, ಕೊನೆಯ ‘ಡ’ಕಾರವೂ ಇಲ್ಲ. ಕನ್ನಡದಲ್ಲಿ ಅಪಾರ್ಥೈಡ್, ಅಪಾರ್ಥೀಡ್, ಅಪಾರ್ಟೈಡ್ ಮುಂತಾದ ರೂಪಗಳು ಕಾಣುತ್ತವೆ. ಯಾವುದನ್ನು ಆರಿಸಿಕೊಂಡರೂ ಒಂದು ಬರಹದ ಉದ್ದಕ್ಕೂ ಅದನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ‘ವರ್ಣಭೇದ ನೀತಿ’ ಎಂದು ಜೊತೆಗೆ ವಿವರಿಸಿದರೆ ಓದುಗನಿಗೆ ಅನುಕೂಲ.